ಅಜ್ಜಿಯ ಪ್ರಾರ್ಥನೆ

ಕಳೆದ ಮಳೆಗಾಲದಲ್ಲಿ ಒಂದು ದಿನ ಎಂಟನೆಯ ತರಗತಿಯಲ್ಲಿ ಗದ್ಯಪಾಠವನ್ನು ಗಟ್ಟಿಯಾಗಿ ಓದಿಸುತ್ತಿದ್ದೆವು. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ‘ಭಾರತ’ವನ್ನು ‘ಬಾರತ’ವೆಂದೂ ‘ಧರ್ಮ’ವನ್ನು ‘ದರ್ಮ’ವೆಂದೂ ಓದಿದಳು. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಕೇಳಿಸಿತು. ನಕ್ಕವರ ಮನೆಮಾತೂ ತುಳುವೇ. ತಮ್ಮ ಸರದಿ ಬಂದಾಗ ಅವರ ಗತಿಯೂ ಅದೇ. ತಿದ್ದಬೇಕೆಂದು ಬಾಯಿ ತೆರೆದ ನಾವು ಹಾಗೆಯೇ ನಿಂತುಬಿಟ್ಟೆವು. ಆ ಹುಡುಗಿಯ ಜಾಗದಲ್ಲಿ, ಚಿಮಿಣಿ ದೀಪದ ಮುಂದೆ ಚಾಪೆಯ ಮೇಲೆ ಮೊಣಕಾಲೂರಿ ಕುಳಿತ ನಮ್ಮ ಅಜ್ಜಿ ಕಾಣಿಸಿದರು. ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಪಾದಕ ಮಂಡಲಿಯವರು ಕೇಳಿದಾಗ ಬೇರೆ ವಿಷಯ ನಮಗೆ ಹೊಳೆಯಲಿಲ್ಲ.

ಅಜ್ಜಿ ಹುಟ್ಟಿದ್ದು 1932ರಲ್ಲಿ, ಮಂಗಳೂರಿನಲ್ಲಿ. ಅವರ ತಂದೆ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದಮಾಡುವ ಕೆಲಸದಲ್ಲಿದ್ದರು. ಆ ಊರಿಗೆ ಹಂಚಿನ ಉದ್ಯಮವನ್ನು ತಂದವರು ಬಾಸೆಲ್ ಮಿಶನ್ನಿನವರು. ಅವರ ಮೊದಲ ಕಾರ್ಖಾನೆ ಸ್ಥಾಪನೆಯಾದದ್ದು 1865ರಲ್ಲಿ. ಮಿಶನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು ಅದಕ್ಕೂ ಮೊದಲು, 1834ರಲ್ಲಿ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ಮಹಾ ನಿಘಂಟನ್ನು ಕೊಟ್ಟ ಕಿಟ್ಟೆಲರೂ ಇದೇ ಮಿಶನ್ನಿಗೆ ಸೇರಿದವರೆಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಅಜ್ಜಿ ಇದಾವುದನ್ನೂ ಓದಿದವರಲ್ಲ. ಎರಡನೆಯ ಇಯತ್ತೆ ಮುಗಿಸಿ, ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಜನವಿಲ್ಲವೆಂದು ಶಾಲೆ ಬಿಟ್ಟರು. ಆದರೂ ಅಷ್ಟರಲ್ಲಿ ಕಲಿತ ಅಕ್ಷರಗಳನ್ನು ಅವರು ಮರೆಯಲಿಲ್ಲ. ಸತ್ಯವೇದವನ್ನು ಬೆರಳಿಟ್ಟು, ಪದ ಪದವನ್ನು ಬಿಡಿಸಿಕೊಂಡು, ಜೀವಮಾನವಿಡೀ ಓದಿದರು. ನಮ್ಮ ಮನೆಯ ಮಾಡಿನ ಹಂಚುಗಳ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಇಂಗ್ಲಿಷಿನಲ್ಲಿ ಒತ್ತಿತ್ತು. ಪ್ರಾರ್ಥನೆಗೆ ಮುಖವೆತ್ತಿದಾಗಲೆಲ್ಲ ಅವರ ಕಣ್ಣೆದುರಿಗಿದ್ದ ಆ ಅಕ್ಷರಗಳು ಮಾತ್ರ ಅವರಿಗೆ ಕೊನೆಯವರೆಗೂ ಬರಿಯ ಚಿತ್ತಾರವಾಗಿಯೇ ಉಳಿದುವು.

ಮದುವೆಯಾಗಿ ಉಡುಪಿಯ ಕಡೆಯ ನಮ್ಮ ಹಳ್ಳಿಗೆ ಬಂದ ಮೇಲೆ ಬೀಡಿ ಕಟ್ಟುವುದನ್ನು ಕಲಿತರು. ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಇಪ್ಪತ್ತೈದರ ಕಟ್ಟು ಮಾಡಿಡುವಷ್ಟರಲ್ಲಿ ಒಂದು ಗೀತದ ಎಲ್ಲ ಚರಣಗಳೂ ಮುಗಿಯುತ್ತಿದ್ದುವು. ಗೀತ ನಿಧಾನದ್ದಾದರೆ ಕೈಯೂ ನಿಧಾನ. ಬೀಡಿ ಕಡಿಮೆ ಬಿದ್ದ ದಿನ ನಮ್ಮ ತಾಯಿಯವರು, ‘ಅತ್ತೆ, ಇವತ್ತು ಶುಭ ಶುಕ್ರವಾರದ ಗೀತಗಳೇ ಆದುವೋ?’ ಎಂದು ನಗುತ್ತಿದ್ದರು.

ವಾರದ ಆರು ದಿನ ಬೀಡಿ. ಭಾನುವಾರ ಗೆರಸೆ ಮುಟ್ಟುವಂತಿಲ್ಲ. ಸೋಮವಾರ ಬ್ರಾಂಚಿನಲ್ಲಿ ಲೆಕ್ಕ ಒಪ್ಪಿಸಬೇಕಾಗಿದ್ದುದರಿಂದ ಶನಿವಾರ ರಾತ್ರಿ ಎರಡು ದಿನದ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಲು ಹೆಣಗುತ್ತಿದ್ದರು. ಗಡಿಯಾರ ಹನ್ನೆರಡು ಹೊಡೆದೊಡನೆ, ಕೈಯಲ್ಲಿ ಅರ್ಧ ಸುತ್ತಿದ ಬೀಡಿಯಿದ್ದರೂ ಅದನ್ನು ಬಿಚ್ಚಿ ಎಲೆಯನ್ನು ಒದ್ದೆ ಬಟ್ಟೆಯೊಳಗಿಟ್ಟು ಏಳುವರು. ಇದರಿಂದ ವಾರಕ್ಕೆ ಹತ್ತಾರು ರೂಪಾಯಿಗಳ ನಷ್ಟವಾಗುತ್ತಿತ್ತು. ನಮ್ಮ ತಂದೆಯವರು ಆಗ ಇದೇ ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುತ್ತಿದ್ದರು. ಮನಿಯಾರ್ಡರು ಬಂದರೆ ಬಂತು, ಇಲ್ಲವಾದರೆ ಇಲ್ಲ. ಅಂತಹ ಮನೆಯಲ್ಲಿ ಹತ್ತು ರೂಪಾಯಿ ಸಣ್ಣ ಮೊತ್ತವಲ್ಲ.

ಭಾನುವಾರ ನಾಲ್ಕು ಗಂಟೆಗೇ ಏಳುತ್ತಿದ್ದರು. ದೇವಾಲಯಕ್ಕೆ ಒಂದು ಗಂಟೆಯ ನಡಿಗೆ. ಗದ್ದೆಯ ಹುಣಿಯ ಮೇಲೆ ನಡೆದು, ತೋಡಿಗೆ ಹಾಕಿದ ಅಡಿಕೆಮರದ ಸಂಕವನ್ನು ದಾಟಿ ಹೋಗಬೇಕು. ಮಳೆಗಾಲದಲ್ಲಿ ಸಂಕದ ಮೇಲೆ ನೀರು ಹರಿಯುತ್ತಿದ್ದರೂ ಅವರು ನಿಲ್ಲುತ್ತಿರಲಿಲ್ಲ. ಕೊಡೆ ಒಂದು ಕೈಯಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಸತ್ಯವೇದವೂ ಗೀತಪುಸ್ತಕವೂ ಕಂಕುಳಲ್ಲಿ, ಸೆರಗಿನ ತುದಿಯ ಗಂಟಿನಲ್ಲಿ ಕಾಣಿಕೆಯ ನಾಣ್ಯ, ಹಿಂದೆ ಸಾಲಾಗಿ ಮೂವರು ಮೊಮ್ಮಕ್ಕಳು. ಪ್ರಸಂಗದ ಹೊತ್ತಿನಲ್ಲಿ ನಾವು ತೂಕಡಿಸಿದರೆ ತೊಡೆಯನ್ನು ಹಿಂಡುತ್ತಿದ್ದರು. ಆ ಗುರುತು ಬುಧವಾರದವರೆಗೂ ಉಳಿಯುತ್ತಿತ್ತು. ಬೆಳೆಹಬ್ಬದ ದಿನ ಮಾತ್ರ ನಮಗೆ ನಿದ್ದೆ ಬರುತ್ತಿರಲಿಲ್ಲ. ಜನ ತಂದೊಪ್ಪಿಸಿದ ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಎಲ್ಲವೂ ಆರಾಧನೆಯ ಬಳಿಕ ಅಂಗಳದಲ್ಲಿ ಏಲಂ ಆಗುತ್ತಿದ್ದುವು. ತಾವೇ ಕೊಟ್ಟ ಕುಂಬಳಕಾಯಿಯನ್ನು ತಾವೇ ಹೆಚ್ಚಿನ ಬೆಲೆಗೆ ಕೂಗಿ ಅಜ್ಜಿ ಮನೆಗೆ ತರುತ್ತಿದ್ದರು. ಈ ವ್ಯಾಪಾರ ಅಂದು ನಮಗೆ ಅರ್ಥವಾಗುತ್ತಿರಲಿಲ್ಲ.

ಅವರನ್ನು ಸಂತೆಯೆಂದು ಚಿತ್ರಿಸುವ ಉದ್ದೇಶ ನಮಗಿಲ್ಲ. ಗಡಿಯ ಒಂದು ಹಲಸಿನ ಮರಕ್ಕಾಗಿ ನಾದಿನಿಯೊಡನೆ ಜಗಳವಾಡಿ ಮೂರು ವರ್ಷ ಮಾತು ಬಿಟ್ಟಿದ್ದರು. ಒಂದೇ ಬೆಂಚಿನ ಎರಡು ತುದಿಗಳಲ್ಲಿ ಇಬ್ಬರೂ ಕುಳಿತು ಒಂದೇ ಗೀತವನ್ನು ಹಾಡುತ್ತಿದ್ದರು. ಆದರೆ ಮನಸ್ಸು ತಿಳಿಯಾಗದೆ ಕರ್ತನ ಭೋಜನಕ್ಕೆ ಕೈಯೊಡ್ಡಬಾರದೆಂದು ಆ ಮೂರು ವರ್ಷವೂ ಅಜ್ಜಿ ಮೇಜಿನ ಬಳಿಗೆ ಹೋಗಲಿಲ್ಲ. ಸಭಾಪಾಲಕರು ಮನೆಗೆ ಬಂದು ಬುದ್ಧಿ ಹೇಳಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ರಾಜಿಯಾದದ್ದು ಒಂದು ಗಾಳಿಮಳೆಯಲ್ಲಿ ಆ ಮರವೇ ಉರುಳಿಬಿದ್ದ ಮೇಲೆ.

ನಮ್ಮ ಮನಸ್ಸಿನಲ್ಲಿ ಬಹುಕಾಲ ಮುಳ್ಳಾಗಿ ಉಳಿದ ಸಂಗತಿ ಬೇರೆ. ಅಡುಗೆಮನೆಯ ಮೂಲೆಯಲ್ಲಿ ಒಂದು ಪುಟ್ಟ ಮಡಕೆಯಿತ್ತು. ಅನ್ನಕ್ಕೆಂದು ಅಕ್ಕಿ ಅಳೆದಾಗಲೆಲ್ಲ ಅದರಿಂದ ಒಂದು ಹಿಡಿಯನ್ನು ತೆಗೆದು ಆ ಮಡಕೆಗೆ ಹಾಕುವರು. ಇದಕ್ಕೆ ಹಿಡಿಯಕ್ಕಿ ಎಂದು ಹೆಸರು. ತಿಂಗಳ ಕೊನೆಯ ಭಾನುವಾರ ಅದನ್ನು ದೇವಾಲಯಕ್ಕೆ ಒಯ್ದು ಒಪ್ಪಿಸುವುದು ವಾಡಿಕೆ. 1997ರ ಆಟಿ ತಿಂಗಳು. ಎರಡು ತಿಂಗಳಿನಿಂದ ಮುಂಬಯಿಯ ಮನಿಯಾರ್ಡರು ಬಂದಿರಲಿಲ್ಲ. ಅಂಗಡಿಯ ಸಾಲ ಏರಿ ಮುಂದೆ ಅಕ್ಕಿ ಸಿಗದಂತಾಗಿತ್ತು. ಬೇಸಗೆಯಲ್ಲಿ ಮಣ್ಣು ಪೂಸಿ ಕಾದಿಟ್ಟಿದ್ದ ಹಲಸಿನ ಬೀಜಗಳನ್ನು ಬೇಯಿಸಿ, ಹಿತ್ತಿಲ ಕೆಸುವಿನ ಸೊಪ್ಪಿನೊಡನೆ ನಾವು ಮೂರು ದಿನ ಕಳೆದೆವು. ನಾಲ್ಕನೆಯ ದಿನ ನಮ್ಮ ತಾಯಿಯವರು ಮಾತಾಡದೆ ಆ ಮಡಕೆಯ ಕಡೆಗೆ ನೋಡಿದರು. ಅಜ್ಜಿಯೂ ನೋಡಿದರು. ‘ಅದು ನಮ್ಮದಲ್ಲ’ ಎಂದಷ್ಟೇ ಹೇಳಿ ಮತ್ತೆ ಹಲಸಿನ ಬೀಜ ಸುಲಿಯತೊಡಗಿದರು.

ಅದೇ ಸಂಜೆ ತೋಡಿನ ಆಚೆಯ ಒಬ್ಬ ಹೆಂಗಸು ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಮ್ಮ ಜಗಲಿಗೆ ಬಂದಳು. ಆಕೆಯೂ ಬೀಡಿ ಕಟ್ಟುವವಳು, ಗಂಡನನ್ನು ಕಳೆದುಕೊಂಡವಳು. ನಮ್ಮ ಸಭೆಗೆ ಸೇರಿದವಳಲ್ಲ. ಮಗುವಿಗೆ ಜ್ವರ ಬಿಟ್ಟಿತ್ತು, ಗಂಜಿಗೆ ಅಕ್ಕಿಯಿರಲಿಲ್ಲ. ಅಜ್ಜಿ ಒಳಗೆ ಹೋದರು. ಬಾಗಿಲ ಸಂದಿನಿಂದ ನಾವು ನೋಡುತ್ತಿದ್ದಂತೆಯೇ ಆ ಮಡಕೆಯನ್ನು ತಂದು ಆಕೆಯ ಮಡಿಲಿಗೆ ಸುರಿದುಬಿಟ್ಟರು. ಮಡಕೆಯ ಬುಡವನ್ನು ಕೂಡ ತಟ್ಟಿದರು.

ಆಗ ನಮಗೆ ಒಂಬತ್ತು ವರ್ಷ. ಆಕೆ ಅಂಗಳ ದಾಟುವುದನ್ನೂ ಕಾಯದೆ ಕೂಗಾಡಿದೆವು: ನಮಗೆ ಇಲ್ಲದ ಅಕ್ಕಿ ಅವರಿಗೆ ಹೇಗೆ ಬಂತು? ದೇವರದಾದರೆ ದೇವರಿಗೆ ಕೊಡಬೇಕಾಗಿತ್ತಲ್ಲ? ಅಜ್ಜಿ ಸಿಟ್ಟಾಗಲಿಲ್ಲ. ಅವರು ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇವೆ: ‘ನಿಮಗೆ ಹಲಸಿನ ಬೀಜವಿತ್ತು, ಮಗಾ. ಅವಳಿಗೆ ಅದೂ ಇರಲಿಲ್ಲ.’

ಆ ಉತ್ತರ ಅಂದು ನಮಗೆ ಒಪ್ಪಿಗೆಯಾಗಲಿಲ್ಲ. ನಿಜ ಹೇಳುವುದಾದರೆ ಇಂದೂ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಹಸಿದ ಮಗುವಿನ ಲೆಕ್ಕಾಚಾರವೇ ಬೇರೆ, ಅದು ವಯಸ್ಸಾದ ಮೇಲೂ ಎಲ್ಲೋ ಒಳಗೆ ಉಳಿದುಕೊಳ್ಳುತ್ತದೆ. ಮುಂದಿನ ಭಾನುವಾರ ಅಜ್ಜಿ ಬರಿದಾದ ಮಡಕೆಯನ್ನೇ ಹಿಡಿದುಕೊಂಡು ದೇವಾಲಯಕ್ಕೆ ನಡೆದರು. ಉಪದೇಶಿಯವರಿಗೆ ಅದನ್ನು ತೋರಿಸಿ, ಈ ತಿಂಗಳ ಅಕ್ಕಿ ಎಲ್ಲಿಗೆ ಹೋಯಿತೆಂಬುದನ್ನು ಎಲ್ಲರ ಮುಂದೆ ಹೇಳಿದರು. ಉಪದೇಶಿಯವರು ತಲೆಯಾಡಿಸಿ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು. ನಮಗೆ ನಾಚಿಕೆಯಾಗಿ ಚಪ್ಪಲಿಗಳ ರಾಶಿಯ ಬಳಿ ಅಡಗಿ ನಿಂತಿದ್ದೆವು.

ಇನ್ನು ಅಜ್ಜಿಯ ಕನ್ನಡದ ವಿಷಯ. ಅಂಗಡಿಯವನೊಡನೆ ತುಳು, ಮೀನು ಮಾರುವವಳೊಡನೆ ತುಳು, ದನದೊಡನೆಯೂ ತುಳು. ಹೊತ್ತು ಮುಳುಗಿದೊಡನೆ, ‘ಪ್ರಾರ್ಥನೆ ಮಲ್ತನಾ ಮಗಾ?’ ಎಂದು ನಮ್ಮನ್ನು ಕೇಳುತ್ತಿದ್ದುದೂ ತುಳುವಿನಲ್ಲಿಯೇ. ಆದರೆ ಚಾಪೆಯ ಮೇಲೆ ಮೊಣಕಾಲೂರಿ ಕಣ್ಣು ಮುಚ್ಚಿದ ಕ್ಷಣದಿಂದ ಕನ್ನಡ. ಅದೂ ಮನೆಯ ಕನ್ನಡವಲ್ಲ. ಪುಸ್ತಕದ, ಪೀಠದ, ನೂರು ವರ್ಷ ಹಿಂದಿನ ಕನ್ನಡ. ‘ಕರುಣಾಳುವಾದ ಕರ್ತನೇ’ ಎಂದು ಆರಂಭಿಸಿ, ಊರಿನ ರೋಗಿಗಳನ್ನೂ, ಮುಂಬಯಿಯ ಮಗನನ್ನೂ, ಮಾತು ಬಿಟ್ಟಿದ್ದ ನಾದಿನಿಯನ್ನೂ ಒಬ್ಬೊಬ್ಬರಾಗಿ ಹೆಸರಿಸಿ ಮುಗಿಸುವಾಗ ಅರ್ಧ ಗಂಟೆ ಕಳೆದಿರುತ್ತಿತ್ತು. ದೇವರಿಗೆ ತುಳು ಬರುವುದಿಲ್ಲವೇ ಎಂದು ನಾವು ಒಮ್ಮೆ ಕೇಳಿದ್ದೆವು. ‘ದೊಡ್ಡವರ ಮುಂದೆ ಒಗೆದ ಸೀರೆ ಉಟ್ಟು ಹೋಗಬೇಡವೇ?’ ಎಂದಿದ್ದರು.

2004ರಲ್ಲಿ ನಾವು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಪಾಸು ಮಾಡಿದೆವು. ಕನ್ನಡದಲ್ಲಿ ಶಾಲೆಗೇ ಮೊದಲಿಗರಾಗಿದ್ದುದರಿಂದ ವ್ಯಾಕರಣ ತಲೆಗೇರಿತ್ತು. ಫಲಿತಾಂಶ ಬಂದ ದಿನವೇ, ಅಜ್ಜಿ ನಮಗಾಗಿ ಕೃತಜ್ಞತೆಯ ಪ್ರಾರ್ಥನೆ ಮಾಡುತ್ತಿದ್ದಾಗ, ‘ಬಕ್ತಿಯಿಂದಲೂ ಬಯದಿಂದಲೂ’ ಎಂಬ ಮಾತು ಬಂತು. ನಾವು ಕಣ್ಣು ತೆರೆದು, ‘ಬಕ್ತಿ ಅಲ್ಲ ಅಜ್ಜಿ, ಭಕ್ತಿ. ಬಯ ಅಲ್ಲ, ಭಯ. ಹೊಟ್ಟೆಯಿಂದ ಉಸಿರು ಬರಬೇಕು’ ಎಂದೆವು. ತಮ್ಮ, ತಂಗಿ ನಕ್ಕರು. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು ‘ಆಮೆನ್’ ಎಂದು ಮುಗಿಸಿಬಿಟ್ಟರು. ಪಟ್ಟಿಯಲ್ಲಿದ್ದ ರೋಗಿಗಳೆಲ್ಲ ಅಂದು ಉಳಿದುಹೋದರು.

ಮರುದಿನ ಸಂಜೆ, ‘ನೀನು ಮಾಡು’ ಎಂದರು. ಅದರ ಮರುದಿನವೂ ಹಾಗೆಯೇ. ಏಳು ಸಂಜೆ ನಾವು ಶುದ್ಧವಾದ ಮಹಾಪ್ರಾಣಗಳಿಂದ ಎರಡೇ ನಿಮಿಷದಲ್ಲಿ ಪ್ರಾರ್ಥನೆ ಮುಗಿಸಿದೆವು. ಅಜ್ಜಿಯ ತುಟಿ ಮಾತ್ರ ಆಡುತ್ತಿತ್ತು, ಧ್ವನಿ ಹೊರಡುತ್ತಿರಲಿಲ್ಲ. ಮನೆಯೇ ಮೂಕವಾದಂತಾಯಿತು. ಏನು ಮಾಡಿದೆವೆಂಬುದು ತಿಳಿದಿತ್ತು. ಕ್ಷಮೆ ಕೇಳುವ ಬಗೆ ತಿಳಿಯಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ಅವರೇ ತಂಗಿಯ ಹಳೆಯ ಸ್ಲೇಟನ್ನು ತಂದು ನಮ್ಮ ಮುಂದಿಟ್ಟು, ‘ಆ ಹೊಟ್ಟೆ ಸೀಳಿದ ಅಕ್ಷರ ಯಾವುದು, ತೋರಿಸು’ ಎಂದರು. ಎಪ್ಪತ್ತೆರಡು ವರ್ಷದ ವಿದ್ಯಾರ್ಥಿನಿ. ನಾವು ಅಧ್ಯಾಪಕ ವೃತ್ತಿಯನ್ನು ಆರಂಭಿಸಿದ್ದು ಅಂದೇ ಎಂದು ಹೇಳಬಹುದು. ಅಂಗೈಯನ್ನು ಬಾಯ ಮುಂದೆ ಹಿಡಿದು, ‘ಬ’ ಎಂದಾಗಲೂ ‘ಭ’ ಎಂದಾಗಲೂ ಉಸಿರು ತಾಕುವುದನ್ನು ಪರೀಕ್ಷಿಸುತ್ತಿದ್ದರು. ಬೀಡಿ ಸುತ್ತುವಾಗಲೂ ಅದೇ ಅಭ್ಯಾಸ: ಭ, ಧ, ಘ. ಹೊಗೆಸೊಪ್ಪಿನ ಪುಡಿ ಹಾರಿ ಅಮ್ಮನಿಗೆ ಸೀನು ಬರುತ್ತಿತ್ತು.

ಅಂದಿನಿಂದ ಅವರ ಪ್ರಾರ್ಥನೆಯಲ್ಲಿ ಮಹಾಪ್ರಾಣಗಳು ಬಂದುವು. ಬೇಕಾದ ಕಡೆಯಲ್ಲಿಯೂ ಬಂದುವು, ಬೇಡವಾದ ಕಡೆಯಲ್ಲಿಯೂ ಬಂದುವು. ‘ಬಡವರು’ ಹೋಗಿ ‘ಭಡವರು’ ಆದರು. ನಾವು ತಿದ್ದಲಿಲ್ಲ.

ನಾವು ಮುಂಬಯಿಗೆ ಬಂದ ಮೇಲೆ ಪ್ರತಿ ಶನಿವಾರ ರಾತ್ರಿ ಫೋನು ಮಾಡುತ್ತಿದ್ದೆವು. ಕ್ಷೇಮಸಮಾಚಾರ ತುಳುವಿನಲ್ಲಿ, ಕೊನೆಗೆ ಒಂದು ಸಣ್ಣ ಪ್ರಾರ್ಥನೆ ಕನ್ನಡದಲ್ಲಿ. ‘ಭಕ್ತಿ’ ಎಂಬ ಪದ ಬಂದಾಗ ನಮ್ಮ ಕಿವಿಯಲ್ಲಿ ಗಾಳಿ ಬೀಸಿದಂತಾಗುತ್ತಿತ್ತು. ಕಣ್ಣಿಗೆ ಪೊರೆ ಬಂದು ಓದುವುದು ನಿಂತ ಮೇಲೆ 23ನೆಯ ಕೀರ್ತನೆಯನ್ನೂ ಇನ್ನು ಕೆಲವನ್ನೂ ಬಾಯಿಪಾಠದಿಂದ ಹೇಳಿಕೊಳ್ಳುತ್ತಿದ್ದರು. ರಜೆಗೆ ಬಾ, ಓದಿ ಹೇಳು ಎನ್ನುತ್ತಿದ್ದರು. ಎರಡು ಬೇಸಗೆ ಹೋಗಲಾಗಲಿಲ್ಲ. ಪರೀಕ್ಷೆಯ ಕೆಲಸವೆಂದು ಹೇಳಿದೆವು. ಕೆಲಸವಿದ್ದದ್ದು ನಿಜ, ಹೋಗಲು ಆಗದಷ್ಟು ಇತ್ತೆಂಬುದು ನಿಜವಲ್ಲ.

2014ರ ಜುಲೈಯಲ್ಲಿ ಅಮ್ಮನಿಂದ ಕರೆ ಬಂದಾಗ ಸಿಕ್ಕಿದ ರೈಲು ಹತ್ತಿದೆವು. ಕೊಂಕಣದ ಮಳೆಯಲ್ಲಿ ಗಾಡಿ ಗಂಟೆಗಟ್ಟಲೆ ನಿಂತಿತು. ನಾವು ಮನೆ ಸೇರಿದಾಗ ಅಜ್ಜಿಗೆ ಜೀವವಿತ್ತು, ಗುರುತು ಇರಲಿಲ್ಲ. ಎಣ್ಣೆ ಬಟ್ಟೆಯಿಂದ ಸತ್ಯವೇದವನ್ನು ತೆಗೆದು ಕೀರ್ತನೆಗಳನ್ನು ಓದಿದೆವು. ಕೇಳಿಸಿತೋ ಇಲ್ಲವೋ ಹೇಳಲಾರೆವು. ಬೆಳಗಿನ ಜಾವದಲ್ಲಿ ಅವರು ಕಣ್ಣು ಮುಚ್ಚಿಕೊಂಡೇ ಮಾತನಾಡತೊಡಗಿದರು. ಮೊದಲು ಯಾರೊಡನೆಂದು ತಿಳಿಯಲಿಲ್ಲ. ಅಮ್ಮ ಕೈಸನ್ನೆ ಮಾಡಿ, ‘ಪ್ರಾರ್ಥನೆ’ ಎಂದರು. ಅದು ತುಳುವಿನಲ್ಲಿತ್ತು. ದನಕ್ಕೆ ಹುಲ್ಲು ಹಾಕಿಲ್ಲವೆಂದೂ, ಸಂಕ ಜಾರುತ್ತಿದೆಯೆಂದೂ, ಮಕ್ಕಳು ಹಿಂದಿನಿಂದ ಬರುತ್ತಿದ್ದಾರೆ ಸ್ವಲ್ಪ ನಿಲ್ಲಬೇಕೆಂದೂ, ಜಗಲಿಯಲ್ಲಿ ಕುಳಿತವರೊಡನೆ ಆಡುವಂತೆ ಆಡಿದರು. ಒಂದು ಮಹಾಪ್ರಾಣವೂ ಬರಲಿಲ್ಲ.

ಮರುದಿನ ಸಂಜೆ ದೇವಾಲಯದ ಹಿತ್ತಿಲಿನ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದೆವು. ಮಳೆ ಬಿಡಲಿಲ್ಲ. ತೋಡಿನ ಆಚೆಯ ಆ ಹೆಂಗಸೂ ಬಂದಿದ್ದಳು. ಅಂದು ಸೊಂಟದಲ್ಲಿದ್ದ ಮಗು ಈಗ ಮೀಸೆ ಬಂದ ಹುಡುಗನಾಗಿ ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟನು.

ಭಾನುವಾರ ನಾವು ಮುಂಬಯಿಗೆ ಹೊರಡಬೇಕಾಗಿತ್ತು. ಅದಕ್ಕೆ ಮೊದಲು ಅಮ್ಮ ಹಿಡಿಯಕ್ಕಿಯ ಮಡಕೆಯನ್ನು ನೋಡಿದರು. ಬುಡದಲ್ಲಿ ನಾಲ್ಕೈದು ಹಿಡಿಯಷ್ಟಿತ್ತು. ಅದನ್ನು ದೇವಾಲಯಕ್ಕೆ ಒಯ್ದೆವು. ಉಪದೇಶಿಯವರು ಅಕ್ಕಿಯನ್ನು ಸುರಿದುಕೊಂಡು ಮಡಕೆಯನ್ನು ನಮ್ಮ ಕೈಗೆ ಹಿಂದಿರುಗಿಸಿದರು. ಮನೆಗೆ ಬಂದು ಅಮ್ಮ ಮಧ್ಯಾಹ್ನದ ಅಡುಗೆಗೆ ಅಕ್ಕಿ ಅಳೆದರು. ಮೂಲೆಯಲ್ಲಿ ಮಡಕೆಯನ್ನು ಇಟ್ಟು, ಒಂದು ಹಿಡಿ ತೆಗೆದು ಅದರೊಳಗೆ ಹಾಕಿದರು.