ನುಚ್ಚು, ಹಿಂಡಿ, ಪುಂಡಿ

ಸೊಲ್ಲಾಪುರಕ್ಕೆ ಹೊರಟಾಗ ನನ್ನ ಚೀಲದಲ್ಲಿ ಬಟ್ಟೆಬರೆಗಿಂತ ಭಾರವಾಗಿದ್ದದ್ದು ಐದು ಕಿಲೋ ಕುಚ್ಚಲಕ್ಕಿ. ಜೊತೆಗೆ ಮಾವಿನ ಮಿಡಿಯ ಒಂದು ಭರಣಿ, ಒಂದು ಬಾಟಲಿ ತೆಂಗಿನೆಣ್ಣೆ. ಅಲ್ಲಿ ರೈಲ್ವೆಯಲ್ಲಿದ್ದ ಭಾವನವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. ಅಕ್ಕ ಒಬ್ಬಳೇ. ಬ್ಯಾಂಕಿನಲ್ಲಿ ನನಗೆ ರಜೆ ಬಾಕಿಯಿತ್ತು. ಡಿಸೆಂಬರಿನ ನಡುವಿನಿಂದ ಜನವರಿಯ ಕೊನೆಯವರೆಗೆ ಆರು ವಾರ ಅಲ್ಲೇ ಉಳಿದೆ.

ಸೊಲ್ಲಾಪುರ ಎಂದರೆ ನಮ್ಮ ಕಡೆಯವರಿಗೆ ಚಾದರ. ಕನ್ನಡ ಓದಿದವರಿಗೆ ಹನ್ನೆರಡನೆಯ ಶತಮಾನದ ಸಿದ್ಧರಾಮನ ಸೊನ್ನಲಿಗೆ. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷಪೀಠದಲ್ಲಿ ಕುಳಿತ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆಯವರ ಊರು. ಆದರೆ ಸಂತೆಯಲ್ಲಿ ನಿಂತರೆ ಕಿವಿಗೆ ಬೀಳುವುದು ಮರಾಠಿ, ನೇಕಾರರ ತೆಲುಗು, ಉರ್ದು, ಅವುಗಳ ನಡುವೆ ಎಲ್ಲೋ ಕನ್ನಡ. ಕಾಸರಗೋಡಿನ ಪೇಟೆಯಲ್ಲಿ ತುಳು, ಮಲೆಯಾಳ, ಕೊಂಕಣಿ, ಬ್ಯಾರಿಗಳ ನಡುವೆ ಬೆಳೆದ ನನಗೆ ಇದು ಹೊಸತೆನಿಸಲಿಲ್ಲ. ಹೊಸತಾದದ್ದು ಊಟ. ಅದಕ್ಕಿಂತಲೂ, ಊಟದ ಕನ್ನಡ.

ಪಕ್ಕದ ಕ್ವಾರ್ಟರ್ಸಿನವರು ಅಕ್ಕಲಕೋಟೆ ತಾಲೂಕಿನ ಕನ್ನಡದವರು. ಮನೆಯಾಕೆಯನ್ನು ಎಲ್ಲರೂ ಅಕ್ಕಾರ ಎನ್ನುತ್ತಿದ್ದರು. ಮೊದಲ ದಿನವೇ ಬಟ್ಟಲೊಂದನ್ನು ತಂದು, "ಹಿಂಡಿ ತಂದೀನ್ರಿ, ಊಟದಾಗ ಹಚ್ಚಿಕೊಳ್ರಿ" ಎಂದರು. ನಾನು ಅಕ್ಕನ ಮುಖ ನೋಡಿದೆ. ನಮ್ಮಲ್ಲಿ ಹಿಂಡಿ ಹಾಕುವುದು ಹಟ್ಟಿಯ ದನಗಳಿಗೆ! ಬಟ್ಟಲಲ್ಲಿದ್ದದ್ದು ಶೇಂಗಾ ಚಟ್ನಿ: ಹುರಿದ ನೆಲಕಡಲೆ, ಬೆಳ್ಳುಳ್ಳಿ, ಒಣಮೆಣಸು, ಜೀರಿಗೆ, ಉಪ್ಪು ಸೇರಿಸಿ ಒರಳಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟಿದ್ದು. ತೆಂಗಿನಕಾಯಿ ಇಲ್ಲದೆಯೂ ಚಟ್ನಿಯಾಗುತ್ತದೆಂಬುದನ್ನು ಒಪ್ಪಿಕೊಳ್ಳಲು ನಮ್ಮವರಿಗೆ ಸ್ವಲ್ಪ ಕಾಲ ಬೇಕು. ನನಗೆ ಎರಡು ದಿನ ಸಾಕಾಯಿತು.

ಮರುದಿನ "ಪುಂಡಿ" ಬಂತು. ಪುಂಡಿ ಎಂದರೆ ನಮಗೆ ಅಕ್ಕಿಯ ಉಂಡೆ, ಹಬೆಯಲ್ಲಿ ಬೇಯಿಸಿದ್ದು. ಅವರು ತಂದದ್ದು ಹುಳಿಸೊಪ್ಪಿನ ಪಲ್ಯ. ತೆಲುಗರ ಗೋಂಗುರ, ಮರಾಠಿಗರ ಅಂಬಾಡಿ. ಕಡುಬು ಎಂದರೆ ಹೂರಣ ತುಂಬಿದ ಸಿಹಿ. ಜೋಳವೂ ಅಷ್ಟೆ, ನಮ್ಮ ಪೇಟೆಯಲ್ಲಿ ಜೋಳ ಕೇಳಿದರೆ ಸಿಗುವ ಮುಸುಕಿನ ಜೋಳ ಅಲ್ಲಿ ಜೋಳವೇ ಅಲ್ಲ. ಒಂದೇ ಭಾಷೆಯ ಶಬ್ದಗಳು ಒಂದೊಂದು ಊರಿನಲ್ಲಿ ಒಂದೊಂದು ಪಾತ್ರೆಯೊಳಗೆ ಹೋಗಿ ಕುಳಿತಿವೆ.

ಕಿರಾಣಿ ಅಂಗಡಿಯಲ್ಲಿ ಇದಕ್ಕೆ ವಿರುದ್ಧವಾದದ್ದೂ ನಡೆಯಿತು. "ಆಮ್ಸೂಲ್" ಎಂಬ ಹೆಸರಿನ ಕಪ್ಪು ಸಿಪ್ಪೆಯನ್ನು ಮೂಸಿ ನೋಡಿದರೆ ನಮ್ಮ ಪುನರ್ಪುಳಿ! ಪರವೂರಿನಲ್ಲಿ ನಮ್ಮೂರಿನವರು ಸಿಕ್ಕಿದಂತಾಗಿ ನೂರು ಗ್ರಾಂ ಕಟ್ಟಿಸಿಕೊಂಡು ಬಂದೆ. ಸಂಜೆಗಳಲ್ಲಿ ರಸವಂತಿಯ ಬೆಂಚು ನನ್ನ ಜಾಗವಾಯಿತು. ಅಲ್ಲಿ ಕಬ್ಬಿನ ಗಾಣಕ್ಕೆ ಗೆಜ್ಜೆ ಕಟ್ಟಿರುತ್ತಾರೆ. ಚಕ್ರ ತಿರುಗಿದಾಗ ಯಕ್ಷಗಾನದ ವೇಷ ರಂಗಕ್ಕೆ ಬಂದಂತೆ ಸದ್ದು. ಅದನ್ನು ಅವರು ಕಬ್ಬಿನ ಹಾಲು ಎನ್ನುತ್ತಾರೆ. ರಸ ಎನ್ನುವುದಕ್ಕಿಂತ ಎಷ್ಟೋ ಚಂದ.

ಮನೆಯಲ್ಲಿ ಮಾತ್ರ ಚಂದವಿರಲಿಲ್ಲ. ಮೆತ್ತಗಿನ ಆಹಾರ ಕೊಡಬಹುದೆಂದು ಡಾಕ್ಟರರು ಹೇಳಿದ್ದರು. ಅಕ್ಕ ಊರಿನ ಅಕ್ಕಿಯ ಗಂಜಿ ಮಾಡಿ, ತಿಳಿ ಬಸಿದು, ಚಿಟಿಕೆ ಉಪ್ಪು ಹಾಕಿ ಕೊಡುತ್ತಿದ್ದಳು. ಭಾವನವರು ಎರಡು ಚಮಚ ಕುಡಿದು ಮುಖ ತಿರುಗಿಸುತ್ತಿದ್ದರು. ಬಟ್ಟಲು ಹಾಗೆಯೇ ಅಡುಗೆಮನೆಗೆ ಹಿಂತಿರುಗುತ್ತಿತ್ತು. ದಿನದಿಂದ ದಿನಕ್ಕೆ ಅವರ ಕೈಯ ಎಲುಬು ಕಾಣಿಸಲು ಶುರುವಾಯಿತು. ಅಕ್ಕ ರಾತ್ರಿ ಬೆನ್ನು ಹಾಕಿ ಪಾತ್ರೆ ತೊಳೆಯುವಾಗ ಅಳುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಅಕ್ಕಾರ ಬಂದು, "ಅಣ್ಣಾರ ಏನೂ ಉಣವಲ್ರಂತಲ್ರಿ?" ಎಂದು ಭಾವನವರನ್ನೇ ನೇರವಾಗಿ ಕೇಳಿದರು. ಅವರು ಗೋಡೆ ನೋಡುತ್ತಾ ಮೆಲ್ಲಗೆ, "ಜ್ವಾಳದ ನುಚ್ಚು ಇದ್ದರ ನೋಡ್ರಿ" ಎಂದರು.

ನುಚ್ಚು! ನಮ್ಮ ಮನೆಯಲ್ಲಿ ನುಚ್ಚಕ್ಕಿ ಕೋಳಿಗಳ ಪಾಲು. ಅಕ್ಕಾರ ತಂದದ್ದು ಒಡೆದ ಜೋಳವನ್ನು ಮೆತ್ತಗೆ ಬೇಯಿಸಿ, ಆರಿಸಿ, ಮಜ್ಜಿಗೆ ಕಲಸಿದ್ದು. ಭಾವನವರು ಎದ್ದು ಕುಳಿತರು. ಬಟ್ಟಲು ಬರಿದಾಯಿತು.

ಇಪ್ಪತ್ತು ವರ್ಷಗಳ ಕಾಲ ಕೆಲಸದ ಹೊತ್ತಿನಲ್ಲಿ ಜೊತೆಯವರ ಡಬ್ಬಿಯಲ್ಲಿ ಕೈಹಾಕಿ ಉಂಡ ರುಚಿಯದು. ಅಕ್ಕ ಪ್ರತಿ ವರ್ಷ ಊರಿನಿಂದ ಅಕ್ಕಿ ಹೊತ್ತು ತಂದು ಊರನ್ನು ಉಳಿಸಿಕೊಂಡಿದ್ದೇನೆ ಎಂದುಕೊಂಡಿದ್ದಾಗ ಅವರ ನಾಲಿಗೆ ಆಗಲೇ ಅಕ್ಕಲಕೋಟೆಯದಾಗಿತ್ತು. "ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ" ಎಂದಳು ಅಕ್ಕ. ಅವರು, "ನೀನು ಅಷ್ಟು ದೂರದಿಂದ ಹೊತ್ತು ತರುತ್ತಿದ್ದೆ" ಎಂದರು. ಇಬ್ಬರ ಮಾತೂ ಸರಿಯೇ. ನಾನು ಹಾಲು ತರುವ ನೆವದಿಂದ ಹೊರಗೆ ಹೋದೆ.

ಆ ಮೇಲೆ ಅಕ್ಕ ರೊಟ್ಟಿ ಕಲಿಯಲು ಕುಳಿತಳು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿನೀರು ಹಾಕಿ ನಾದಿದರೆ ಮಾತ್ರ ಹಿಟ್ಟು ಮಾತು ಕೇಳುತ್ತದೆ. ಲಟ್ಟಣಿಗೆ ಇಲ್ಲ, ಅಂಗೈಯಿಂದ ಬಡಿಯಬೇಕು. ಹೆಂಚಿಗೆ ಹಾಕಿ ಮೇಲ್ಮೈಗೆ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸಬೇಕು. ಅಕ್ಕನ ಮೊದಲ ಹತ್ತು ರೊಟ್ಟಿಗಳು ಭಾರತದ ಭೂಪಟದಂತಿದ್ದವು, ಗಡಿಗಳೆಲ್ಲ ಹರಿದು. "ಹಿಟ್ಟು ಹಳೇದಾದ್ರ ಜಿಗಿ ಇರಂಗಿಲ್ರಿ, ಅಕ್ಕಾ. ನಿಮ್ಮ ಕೈದೇನೂ ತಪ್ಪಿಲ್ಲ" ಎಂದು ಅಕ್ಕಾರ ಸಮಾಧಾನ ಹೇಳಿದರು. ಹಿಂಗಾರಿನ ಆ ಜೋಳ ಮಾಲದಂಡಿ. ಅದೇ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಸವಣ್ಣನವರು ಬಿಜ್ಜಳನಲ್ಲಿ ಕೆಲಸಕ್ಕಿದ್ದ ಮಂಗಳವಾಡ ಅದೇ.

ಎಳ್ಳಮಾವಾಸ್ಯೆಗೆ ಅಕ್ಕಾರ ನನ್ನನ್ನು ತಮ್ಮ ತವರಿಗೆ ಕರೆದೊಯ್ದರು. ದಾರಿಯಲ್ಲಿ ಅಕ್ಕಲಕೋಟೆಯಲ್ಲಿ ಇಳಿದು, 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರ ನೋಡಿ, ಅನ್ನಛತ್ರದ ಪಂಕ್ತಿಯಲ್ಲಿ ಕುಳಿತೆವು. ಬಡಿಸುವವರ ಮಾತು ಮರಾಠಿ, ಪಕ್ಕದಲ್ಲಿ ಉಣ್ಣುವವರ ಮಾತು ಕನ್ನಡ. ಹೊಲದಲ್ಲಿ ಆಳೆತ್ತರದ ಜೋಳ. ಪೂಜೆಯಾಗಿ ಚರಗ ಚೆಲ್ಲಿದ ಮೇಲೆ ಮರದ ನೆರಳಲ್ಲಿ ಸಜ್ಜೆರೊಟ್ಟಿ, ಕಾಳು-ಸೊಪ್ಪು ಬೆರೆಸಿದ ಭಜ್ಜಿ, ಶೇಂಗಾ ಹೋಳಿಗೆ, ಗಡಿಗೆಯ ತಣ್ಣನೆಯ ಅಂಬಲಿ. ಹಾಲು ತುಂಬಿದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಸೀತನಿಯನ್ನು ನನ್ನ ಕೈಗೆ ಸುರಿದರು. ಮರಾಠಿಯವರಿಗೆ ಇದೇ ಹುರಡಾ.

ಅಲ್ಲಿನ ಮುದುಕರೊಬ್ಬರು ನಾನು ಕಾಸರಗೋಡಿನವನೆಂದು ತಿಳಿದು, "ಅಂದ್ರ ಮಹಾಜನ ವರದಿಯವ್ರು" ಎಂದು ನಕ್ಕರು. 1967ರ ಆ ವರದಿಯಲ್ಲಿ ಅಕ್ಕಲಕೋಟೆಯೂ ನಮ್ಮ ಚಂದ್ರಗಿರಿಯ ಉತ್ತರದ ನೆಲವೂ ಮೈಸೂರು ರಾಜ್ಯಕ್ಕೆ ಸೇರತಕ್ಕವು ಎಂದಿತ್ತು. ಎರಡೂ ಸೇರಲಿಲ್ಲ. ಅವರ ಮೊಮ್ಮಗ ಮರಾಠಿ ಶಾಲೆಗೆ ಹೋಗುತ್ತಾನೆ. ಕನ್ನಡ ಓದಲು ಬರುವುದಿಲ್ಲ. ಆದರೆ ಸೀತನಿ, ಸಜ್ಜೆ, ನುಚ್ಚು, ಹಿಂಡಿ ಎಲ್ಲವನ್ನೂ ಕನ್ನಡದಲ್ಲೇ ಬೇಡಿ ತಿನ್ನುತ್ತಿದ್ದ. ಮಲೆಯಾಳ ಶಾಲೆಗೆ ಹೋಗುವ ನಮ್ಮ ಮಕ್ಕಳು ಪತ್ರೊಡೆ, ನೀರುದೋಸೆ ಕೇಳುವಂತೆಯೇ. ಶಾಲೆ ಕಳೆದುಕೊಂಡದ್ದನ್ನು ಅಡುಗೆಮನೆ ಎಷ್ಟು ಕಾಲ ಹಿಡಿದಿಡಬಲ್ಲದೋ ಎಂದು ನಾನು ಯೋಚಿಸುತ್ತಿದ್ದೆ. ಹುಡುಗ ನನ್ನ ಪಾಲಿನ ಹೋಳಿಗೆಯ ಮೇಲೆ ಕಣ್ಣಿಟ್ಟಿದ್ದ.

ಭಾವನವರು ಈಗ ನಿವೃತ್ತರಾಗಿ ಊರಿಗೆ ಬಂದಿದ್ದಾರೆ. ಅಕ್ಕಾರರ ಮನೆಯಿಂದ ವರ್ಷಕ್ಕೊಮ್ಮೆ ಜೋಳದ ಚೀಲ ಬರುತ್ತದೆ. ನಮ್ಮ ಗಿರಣಿಯವನು ಅದನ್ನು ಮೊದಲ ಸಲ ಬೊಗಸೆಯಲ್ಲಿ ಹಿಡಿದು, ಇದು ಯಾವ ಹಕ್ಕಿಗೆ ಎಂದು ಕೇಳಿದ್ದನಂತೆ. ಮಳೆಗಾಲದ ಥಂಡಿಗೆ ಜೋಳಕ್ಕೆ ಹುಳು ಬೀಳುವುದರಿಂದ ಅಕ್ಕ ಮೇ ತಿಂಗಳೊಳಗೆ ಅದನ್ನು ಮುಗಿಸಿಬಿಡುತ್ತಾಳೆ. ಜೂನಿನಿಂದ ಭಾವನವರು ಮರುಮಾತಿಲ್ಲದೆ ಗಂಜಿ ಉಣ್ಣುತ್ತಾರೆ, ಬದಿಗೆ ಒಂದಿಷ್ಟು ಶೇಂಗಾ ಹಿಂಡಿ ಇಟ್ಟುಕೊಂಡು.