ಬೋರನಕಣಿವೆಯವರ ಮೆಕ್ಸಿಕನ್ ಊಟ

ನಮ್ಮ ಕಡೆ ‘ಹೊರಗೆ ಊಟ’ ಎಂದರೆ ಹೋಟೆಲಿನ ಊಟ ಎಂದರ್ಥವಲ್ಲ. ಬೋರನಕಣಿವೆಗೆ ಹೋಗಿ, ಮರದ ನೆರಳಿನಲ್ಲಿ ಚಾಪೆ ಹಾಸಿ, ಮನೆಯಿಂದ ಕಟ್ಟಿಕೊಂಡು ಹೋದ ಡಬ್ಬಿ ಬಿಚ್ಚುವುದು ಎಂದರ್ಥ. ಚಿಕ್ಕನಾಯಕನಹಳ್ಳಿ ತಾಲೂಕಿನಲ್ಲಿ ಸುವರ್ಣಮುಖಿ ಹೊಳೆಗೆ ಗುಡ್ಡಗಳ ನಡುವೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಅದು. 19ನೇ ಶತಮಾನದ ಕೊನೆಯಲ್ಲಿ, ಮೈಸೂರು ಅರಸರ ಆಳ್ವಿಕೆಯಲ್ಲಿ ಕಟ್ಟಿದ್ದು. ನೀರಿರಲಿ ಇಲ್ಲದಿರಲಿ, ಈದ್ ಕಳೆದ ಮೇಲೆ ಒಂದು ದಿನ ಅಲ್ಲಿಗೆ ಹೋಗುವುದು ಸುತ್ತಲಿನ ಎಷ್ಟೋ ಮನೆಗಳ ರೂಢಿ. ಹೆಂಗಸರಿಗೆ ಅದೇ ನೆಮ್ಮದಿ. ಪೇಟೆಯ ಹೋಟೆಲಿಗೆ ಹೋದರೆ ಪರದೆ ಎಳೆದ ‘ಫ್ಯಾಮಿಲಿ ರೂಮ್’. ಒಳಗೆ ಗಾಳಿಯಿಲ್ಲ, ಸಪ್ಲೈಯರ್ ಕೂಗಿದರೆ ಬರುವುದಿಲ್ಲ.

ಇಂಥ ಮನೆಗಳ ಹೆಣ್ಣುಮಕ್ಕಳು ಈಗ ಓದಿ ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಊರಿನಿಂದ ಅಮ್ಮಿ, ನಾನಿ, ಖಾಲಾ ಬಂದರೆ ತಮ್ಮ ಸಂಬಳದಲ್ಲಿ ಏನಾದರೂ ಹೊಸತು ತಿನ್ನಿಸಬೇಕೆಂಬ ಆಸೆ ಅವರಿಗೆ. ಶಿವಾಜಿನಗರದ ಬಿರಿಯಾನಿ ಈ ಮಕ್ಕಳಿಗೆ ಹಳತಾಗಿದೆ. ಅವರು ಕರೆದುಕೊಂಡು ಹೋಗುವುದು ಮೆಕ್ಸಿಕನ್ ಹೋಟೆಲಿಗೆ. ಅಮೆರಿಕದ ಟಾಕೋ ಬೆಲ್ ಕಂಪನಿ ಭಾರತದ ತನ್ನ ಮೊದಲ ಮಳಿಗೆಯನ್ನು 2010ರಲ್ಲಿ ತೆರೆದದ್ದು ಬೆಂಗಳೂರಿನ ಮಲ್ಲೇಶ್ವರದ ಮಂತ್ರಿ ಮಾಲ್‌ನಲ್ಲಿ. 2012ರಲ್ಲಿ ಬರ್ಟ್ ಮುಲ್ಲರ್ ಎಂಬ ಅಮೆರಿಕದ ಯುವಕ ಇದೇ ನಗರದಲ್ಲಿ ಕ್ಯಾಲಿಫೋರ್ನಿಯಾ ಬುರಿಟೋ ಆರಂಭಿಸಿದರು. ಈಗ ಐಟಿ ಪಾರ್ಕು, ಮಾಲ್‌ಗಳಲ್ಲಿ ಇಂಥವು ಸಾಮಾನ್ಯ.

ಕಳೆದ ವರ್ಷ ನನ್ನ ಅಕ್ಕನ ಮಗಳು ನಮ್ಮನ್ನೂ ಅಂಥ ಒಂದು ಕಡೆ ಕರೆದೊಯ್ದಳು. ಹುಳಿಯಾರು, ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು ಎಂದು ಬಸ್ಸಿನಲ್ಲಿ ಮೈ ನೋಯಿಸಿಕೊಂಡು ಬಂದಿದ್ದ ಅಮ್ಮಿಗೆ ಬೇಕಾಗಿದ್ದದ್ದು ಬಿಸಿ ಅನ್ನ, ಸಾರು. ಮೊಮ್ಮಗಳ ಮುಖ ನೋಡಿ ಹೂಂ ಎಂದರು.

ಅಲ್ಲಿ ಪರದೆಯಿಲ್ಲ. ಒಂದು ಉದ್ದನೆಯ ಗಾಜಿನ ಕಟ್ಟೆ, ಅದರ ಹಿಂದೆ ಸ್ಟೀಲ್ ಪಾತ್ರೆಗಳ ಸಾಲು. ಅನ್ನ, ಕಾಳು, ಕೋಳಿ, ಪನೀರ್, ಟೊಮೆಟೊ, ಈರುಳ್ಳಿ, ಕೊತ್ತಂಬರಿ. ನಾವು ಬೆರಳು ತೋರಿಸಿದ್ದನ್ನು ಹುಡುಗರು ರೊಟ್ಟಿಗೆ ತುಂಬಿ ಸುತ್ತಿ ಕೊಡುತ್ತಾರೆ. ಅಮ್ಮಿ ಒಂದೊಂದು ಪಾತ್ರೆಯನ್ನೂ ಬಗ್ಗಿ ನೋಡಿ, “ಇದರಲ್ಲಿ ನಮ್ಮ ಮನೆಯಲ್ಲಿ ಇಲ್ಲದ್ದು ಏನಿದೆ?” ಎಂದರು.

ಅಮ್ಮಿಯ ಮಾತು ಸಣ್ಣದಲ್ಲ. ಮೆಕ್ಕೆಜೋಳ ಹುಟ್ಟಿದ್ದೇ ಮೆಕ್ಸಿಕೋದಲ್ಲಿ, ಸುಮಾರು 9000 ವರ್ಷಗಳ ಹಿಂದೆ. (‘ಮೆಕ್ಕೆ’ಯನ್ನು ಮಕ್ಕಾದ ಹೆಸರಿಗೆ ಜೋಡಿಸುವವರಿದ್ದಾರೆ. ಹೆಸರು ಹೇಗೇ ಬಂದಿರಲಿ, ಬೆಳೆ ಆ ಕಡೆಯದು.) ಟೊಮೆಟೊ ಎಂಬ ಪದವೇ ಅಲ್ಲಿನ ಮೂಲನಿವಾಸಿಗಳ ನಾವಾಟ್ಲ್ ಭಾಷೆಯದು. ಮೆಣಸಿನಕಾಯಿ ಅಲ್ಲಿಂದ ಹೊರಟು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂತು. ಅದಕ್ಕೂ ಮೊದಲು ನಮ್ಮವರು ಖಾರಕ್ಕೆ ಬಳಸುತ್ತಿದ್ದದ್ದು ಕಾಳುಮೆಣಸು, ಆದ್ದರಿಂದಲೇ ಹೊಸದಕ್ಕೆ ‘ಮೆಣಸಿನ ಕಾಯಿ’ ಎಂದು ಹೆಸರಾಯಿತು. ಪಪ್ಪಾಯಿಗೆ ನಾವು ಪರಂಗಿ ಹಣ್ಣು ಎನ್ನುತ್ತೇವಲ್ಲ, ಆ ‘ಪರಂಗಿ’ಯೂ ಅರಬಿ ಕಿತಾಬುಗಳಲ್ಲಿ ಯುರೋಪಿನವರಿಗೆ ಹೇಳುವ ‘ಇಫ್ರಂಜ್’ ಕೂಡಾ ಒಂದೇ ಮೂಲದವು. ರಾಜ್ಮಾ ಬೇರೆ ಏನೂ ಅಲ್ಲ, ನಮ್ಮ ಹುರಳಿಕಾಯಿ ಜಾತಿಯ ಗಿಡದ ಬಲಿತ ಕಾಳು. ‘ಗ್ವಾಕಮೋಲೆ’ ಎಂದು ಬಾಯಿ ತಿರುಚಿ ಹೇಳುವುದು ಬೆಣ್ಣೆಹಣ್ಣಿನ ಚಟ್ನಿಗೆ.

ಟಾರ್ಟಿಯಾ ಎಂಬ ರೊಟ್ಟಿಯ ವಿಷಯ ಮಾತ್ರ ನಾವು ಕಲಿಯುವಂಥದ್ದು. ಅಲ್ಲಿನ ಹೆಂಗಸರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ತೊಳೆದು ಸಿಪ್ಪೆ ಬಿಡಿಸಿ ರುಬ್ಬುತ್ತಾರೆ. ಸುಣ್ಣ ತಾಗಿದರೆ ಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಈ ವಿದ್ಯೆ ಕಲಿಯದೆ ಬರೀ ಜೋಳವನ್ನು ಕೊಂಡೊಯ್ದ ಯುರೋಪಿನಲ್ಲಿ ಅದನ್ನೇ ನೆಚ್ಚಿಕೊಂಡ ಬಡವರಿಗೆ ಪೆಲ್ಲಾಗ್ರಾ ಎಂಬ ರೋಗ ಬಂತು. ಯಾವ ಕಾಲೇಜಿಗೂ ಹೋಗದ ಹೆಂಗಸರ ಕೈಯಲ್ಲಿದ್ದ ವಿದ್ಯೆ ಅದು. ಮನೆಯಲ್ಲಿ ಎಲೆಅಡಿಕೆಗೆ ಸುಣ್ಣ ಸವರುವ ಅಮ್ಮಿಗೆ ಇದನ್ನು ಹೇಳಿದಾಗ ಅಚ್ಚರಿಯೇ ಆಗಲಿಲ್ಲ. “ಸುಣ್ಣ ಎಲುಬಿಗೆ ಒಳ್ಳೆಯದು” ಎಂದರು, ಅಷ್ಟೇ. ಬೆಂಗಳೂರಿನ ಬುರಿಟೋದಲ್ಲಿ ಇರುವುದು ಹೆಚ್ಚಾಗಿ ಮೈದಾ ರೊಟ್ಟಿ ಎಂಬುದನ್ನೂ ಹೇಳಿಬಿಡಬೇಕು.

ಕೋಳಿಯ ಸರದಿ ಬಂದಾಗ ಅಕ್ಕನ ಮಗಳು ನನ್ನ ಕಿವಿಯಲ್ಲಿ, “ಖಾಲಾ, ಇಲ್ಲಿ ಎಲ್ಲರೂ ತಿನ್ನುತ್ತಾರೆ, ಕೇಳುವುದು ಬೇಡ, ಹಿಂದೆ ಕ್ಯೂ ಇದೆ” ಎಂದಳು. ಆಫೀಸಿನವರೊಂದಿಗೆ ಬಂದಾಗ ಕೇಳಲು ಅವಳಿಗೆ ನಾಚಿಕೆ. ನಮ್ಮ ಎಷ್ಟೋ ಮಕ್ಕಳ ಕಥೆ ಇದೇ. ತಿನ್ನುವುದು ಬಿಡುವುದು ಎರಡನೆಯ ಮಾತು, ಕೇಳುವುದೇ ಅವಮಾನವೆಂದು ತಿಳಿದಿದ್ದಾರೆ. ಅಷ್ಟರಲ್ಲಿ ಅಮ್ಮಿ ಗಾಜಿನ ಆಚೆಯ ಹುಡುಗನಿಗೆ ತಮ್ಮ ದಖನಿಯಲ್ಲಿ, “ಬೇಟಾ, ಈ ಕೋಳಿ ಜಬೀಹಾನಾ?” ಎಂದು ಕೇಳಿಯೇಬಿಟ್ಟರು. ಹುಡುಗನಿಗೆ ಗೊತ್ತಿರಲಿಲ್ಲ. ಒಳಗಿನಿಂದ ಮ್ಯಾನೇಜರ್ ಬಂದರು, ಮರ್ಯಾದೆಯಿಂದಲೇ ಮಾತಾಡಿದರು. ಸಪ್ಲೈ ಮಾಡುವವರು ಹಲಾಲ್ ಎಂದೇ ಹೇಳಿದ್ದಾರೆ, ಆದರೆ ತೋರಿಸಲು ತಮ್ಮ ಬಳಿ ಕಾಗದವಿಲ್ಲ ಎಂದರು. ಕ್ಯೂನಲ್ಲಿದ್ದವರು ಯಾರೂ ಗೊಣಗಲಿಲ್ಲ. ಹಿಂದಿದ್ದ ಹುಡುಗಿಯೊಬ್ಬಳು, “ಆಂಟಿ, ನಾನು ಮೊಟ್ಟೆಯನ್ನೂ ತಿನ್ನಲ್ಲ, ಯಾವಾಗಲೂ ಹೀಗೇ ಕೇಳ್ತೀನಿ” ಎಂದು ನಕ್ಕಳು. ಅನುಮಾನವಿದ್ದದ್ದನ್ನು ಬಿಟ್ಟು ನಾವು ರಾಜ್ಮಾ, ಪನೀರ್ ತೆಗೆದುಕೊಂಡೆವು.

ರಾಜ್ಮಾವನ್ನೂ ಕೇಳಿಯೇ ತೆಗೆದುಕೊಳ್ಳಬೇಕು. ಮೆಕ್ಸಿಕೋದಲ್ಲಿ ಅರೆದು ಹುರಿದ ಕಾಳಿಗೂ ಗೋಧಿ ಟಾರ್ಟಿಯಾಕ್ಕೂ ಹಂದಿಯ ಕೊಬ್ಬು ಹಾಕುವುದು ಹಳೆಯ ಪದ್ಧತಿ. ನಮ್ಮ ದೇಶದಲ್ಲಿ ಅದು ಹಸಿರು ಗುರುತಿನ ತಿನಿಸಾಗಿದ್ದರೆ ಕೊಬ್ಬು ಇರಕೂಡದು, ಆ ಮಟ್ಟಿಗೆ ಸಸ್ಯಾಹಾರಿಗಳ ಗುರುತು ನಮಗೂ ಆಸರೆ. ಆದರೆ ಸಾಸಿಗೆ ಮದ್ಯ ಹಾಕಿದ್ದರೆ ಹಸಿರು ಗುರುತು ಅದನ್ನು ಹೇಳುವುದಿಲ್ಲ. ಒಂದೇ ಎಣ್ಣೆಯಲ್ಲಿ ಕೋಳಿಯನ್ನೂ ಆಲೂಗಡ್ಡೆಯನ್ನೂ ಕರಿಯುತ್ತಾರೆಯೇ, ಒಂದೇ ಇಕ್ಕಳ ಎರಡಕ್ಕೂ ಓಡುತ್ತದೆಯೇ ಎಂದೂ ವಿಚಾರಿಸಬೇಕು. ಮೇಜಿಗೆ ಬಾರ್ ಮೆನು ತಂದಿಡುವ ಜಾಗಗಳಿಗೆ ಸಂಸಾರ ಸಮೇತ ಹೋಗದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಕಟ್ಟೆಯ ಮೇಲೆ ಎಲ್ಲ ಕಾಣುವಂತೆ ಇಟ್ಟಿರುವ ಜಾಗ ವಾಸಿ.

ಹೆಸರು ನೋಡಿ ನಂಬುವಂತಿಲ್ಲ ಎಂಬುದಕ್ಕೆ ಮೆಕ್ಸಿಕೋದಲ್ಲೇ ಉದಾಹರಣೆಯಿದೆ. ಪುಯೆಬ್ಲಾ ನಗರದಲ್ಲಿ ‘ಟಾಕೋಸ್ ಅರಬೆಸ್’, ಅಂದರೆ ಅರಬರ ಟಾಕೋ ಎಂಬ ಪ್ರಸಿದ್ಧ ತಿನಿಸಿದೆ. 20ನೇ ಶತಮಾನದ ಮೊದಲರ್ಧದಲ್ಲಿ ಅರಬ್ ನಾಡುಗಳಿಂದ ವಲಸೆ ಹೋದವರು ಶವರ್ಮಾದಂತೆ ನಿಂತ ಕಂಬಿಯಲ್ಲಿ ಮಾಂಸ ಸುಟ್ಟು ಮಾರಿದ್ದರಿಂದ ಬಂದದ್ದು. ಈಗ ಅದನ್ನು ಮಾಡುವುದು ಸಾಮಾನ್ಯವಾಗಿ ಹಂದಿ ಮಾಂಸದಿಂದ! ಹೆಸರಿನಲ್ಲಿ ಅರಬ್ ಉಳಿಯಿತು, ಹಲಾಲ್ ಉಳಿಯಲಿಲ್ಲ.

ಆದರೂ ಅರಬಿ ಓದಿದವರಿಗೆ ಮೆಕ್ಸಿಕೋದ ಭಾಷೆ ಪರಕೀಯ ಎನಿಸದು. ಅಲ್ಲಿ ಆಡುವುದು ಸ್ಪ್ಯಾನಿಷ್. ಸ್ಪೇನ್‌ನಲ್ಲಿ 711ರಿಂದ 1492ರವರೆಗೆ ಮುಸ್ಲಿಂ ಆಳ್ವಿಕೆಯಿತ್ತು. ಅವರ ‘ಅರ್ರೋಸ್’ (ಅಕ್ಕಿ) ನಮ್ಮ ‘ಅರುಝ್’, ‘ಅಸೂಕರ್’ ಎಂದರೆ ‘ಸುಕ್ಕರ್’, ಅಡುಗೆ ಎಣ್ಣೆ ‘ಅಸೇಯ್ತೆ’ ಎಂದರೆ ‘ಝೈತ್’. ಹಾರೈಸುವಾಗ ಅವರು ‘ಓಹಲಾ’ ಎನ್ನುತ್ತಾರೆ, ಅದರೊಳಗೆ ಅಲ್ಲಾಹನ ಹೆಸರೇ ಅಡಗಿದೆ. ಇದನ್ನು ಹೇಳಿದಾಗ ಅಕ್ಕನ ಮಗಳು ಫೋನ್ ಕೆಳಗಿಟ್ಟು ಕೇಳಿದಳು.

ತಿನ್ನುವ ಬಗ್ಗೆ ಸೋದರಿಯರಿಗೆ ಒಂದು ಮಾತು. ಬುರಿಟೋವನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ಅಗಲಿಸಿ ಕಚ್ಚಬೇಕು. ನಿಖಾಬ್ ಹಾಕಿದವರಿಗೆ ಅದು ಪರೀಕ್ಷೆ. ಅದೇ ಪದಾರ್ಥಗಳನ್ನು ಬಟ್ಟಲಿನಲ್ಲಿ ಹಾಕಿಯೂ ಕೊಡುತ್ತಾರೆ, ಬಲಗೈಯಲ್ಲಿ ಆರಾಮವಾಗಿ ತಿನ್ನಬಹುದು. ಅಮ್ಮಿ ಸುತ್ತಿದ ರೊಟ್ಟಿಯನ್ನು ಬಿಚ್ಚಿ, ತುಂಡು ಮಾಡಿ, ಚಪಾತಿಯಂತೆ ಪಲ್ಯದಲ್ಲಿ ಅದ್ದಿ ತಿಂದರು. ಅರ್ಧ ಉಳಿದದ್ದನ್ನು ಬಿಡದೆ ಕಟ್ಟಿಸಿಕೊಂಡರು. ಬಿಲ್ ನೋಡಿ ಅದನ್ನು ತೆಂಗಿನಕಾಯಿಗೆ ಲೆಕ್ಕ ಹಾಕಿದರು. ತಿಪಟೂರು ಮಾರುಕಟ್ಟೆಯಲ್ಲಿ 2023ರಲ್ಲಿ ಕೊಬ್ಬರಿ ದರ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಕುಸಿದು, 2025ರಲ್ಲಿ ದಾಖಲೆ ಮುಟ್ಟಿದ್ದನ್ನು ಕಂಡವರು ಹಾಗೆಯೇ ಲೆಕ್ಕ ಹಾಕುವುದು.

ಅಕ್ಕನ ಮಗಳು ಈಗ ಎಲ್ಲಿಗಾದರೂ ಹೋಗುವ ಮೊದಲು ಫೋನ್ ಮಾಡಿ ವಿಚಾರಿಸುತ್ತಾಳೆ. ಕಾಗದ ತೋರಿಸುವ ಜಾಗ ಅವಳಿಗೂ ಸಿಕ್ಕಿದೆ. ರಜೆಗೆ ಊರಿಗೆ ಬಂದಾಗ ಹುಳಿಯಾರಿನಿಂದ ಕೋಳಿ ತರಿಸಿ, ರಾಜ್ಮಾ ನೆನೆಹಾಕಿ, ಚಪಾತಿಯಲ್ಲಿ ಅದೇ ಬುರಿಟೋ ಮಾಡಿದಳು. ಬೆಣ್ಣೆಹಣ್ಣು ಸಿಗಲಿಲ್ಲ. ಅಮ್ಮಿ ಅದರ ಜಾಗಕ್ಕೆ ಹಸಿಮೆಣಸಿನಕಾಯಿ ಹಾಕಿ ಕಾಯಿಚಟ್ನಿ ಅರೆದರು. ಮೆಕ್ಸಿಕೋದಲ್ಲಿ ತೆಂಗು ಎಲ್ಲಿಯದು ನಾನಿ ಎಂದು ಮೊಮ್ಮಗಳು ತಕರಾರು ತೆಗೆದಳು. ಅಲ್ಲಿನ ಪಶ್ಚಿಮ ಕರಾವಳಿಗೆ 16ನೇ ಶತಮಾನದಲ್ಲೇ ಹಡಗಿನಲ್ಲಿ ನಮ್ಮ ಏಷ್ಯಾದ ಕಡೆಯಿಂದ ತೆಂಗು ಹೋಗಿದೆ, ಕೊಲಿಮಾ ಎಂಬಲ್ಲಿ ಈಗಲೂ ತೋಟಗಳಿವೆ ಎಂದು ನಾನು ಹೇಳಿದೆ. ಚಟ್ನಿಯನ್ನು ಅವಳೇ ಎರಡು ಸಲ ಹಾಕಿಸಿಕೊಂಡಳು.