ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ನೆಲ

ಚಿತ್ರದುರ್ಗದಿಂದ ದಾವಣಗೆರೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಿಕ್ಕುವ ಭರಮಸಾಗರವು ದುರ್ಗದ ಪಾಳೆಯಗಾರ ಭರಮಣ್ಣನಾಯಕನ ಹೆಸರನ್ನು ಹೊತ್ತ ಊರು. ಊರಿಗೆ ಕಳೆ ಕೊಡುವುದು ಅಲ್ಲಿಯ ವಿಶಾಲವಾದ ಕೆರೆ. ಏರಿಯ ಮೇಲೆ ನಿಂತವರಿಗೆ, ಹಳಬರು ನೆಲದ ಇಳಿಜಾರನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದು ಹೊಳೆಯದೆ ಇರದು. ನೀರು ಎತ್ತಣಿಂದ ಹರಿದು ಬಂದೀತು, ಏರಿ ಎಲ್ಲಿ ನಿಂತೀತು ಎಂಬುದನ್ನು ಬರಿಗಣ್ಣಿನಿಂದಲೇ ಅಳೆದು ಜಾಗ ಗೊತ್ತುಮಾಡಿದವರು ಅವರು. ಇದೇ ಜಿಲ್ಲೆಯ ಪೂರ್ವಭಾಗದಲ್ಲಿ ನಮ್ಮ ಕಾಲದ ವಿಜ್ಞಾನಿಗಳು ಚಂದ್ರನ ಮೇಲೆ ಜಾಗ ಗೊತ್ತುಮಾಡುವ ಯಂತ್ರದ ಕಣ್ಣುಗಳನ್ನು ಪರೀಕ್ಷಿಸಿದರು.

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲು ಆ ಸ್ಥಳ. ಚಂದ್ರಯಾನ-2ರ ಸಲುವಾಗಿ 2016ರಲ್ಲಿ ಇಸ್ರೊ ಸಂಸ್ಥೆಯವರು ಇಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿ, ಉಪಕರಣಗಳನ್ನು ಹೊತ್ತ ವಿಮಾನವನ್ನು ಅವುಗಳ ಮೇಲೆ ಹಾರಿಸಿದರು.

ಇಷ್ಟೆಲ್ಲ ಏಕೆಂದು ಓದುಗರು ಕೇಳಬಹುದು. ಚಂದ್ರನಲ್ಲಿ ಗಾಳಿಯಿಲ್ಲ; ಆದುದರಿಂದ ಕೊಡೆ ಬಿಚ್ಚಿ ತೇಲಿ ಇಳಿಯುವಂತಿಲ್ಲ. ಭೂಮಿಯಿಂದ ಹೊರಟ ಆಜ್ಞೆ ಅಲ್ಲಿಗೆ ಮುಟ್ಟಲು ಒಂದು ಸೆಕೆಂಡಿಗೂ ಮಿಗಿಲಾಗಿ ಬೇಕು. ಕೊನೆಯ ಗಳಿಗೆಯಲ್ಲಿ ಯಂತ್ರವೇ ನೋಡಬೇಕು, ಯಂತ್ರವೇ ನಿರ್ಧರಿಸಬೇಕು. ನೆಲ ಬಹಳ ಓರೆಯಾಗಿದ್ದರೆ ಅದು ಮಗುಚೀತು. ದೊಡ್ಡ ಬಂಡೆಯೊಂದು ಕಾಲಿಗೆ ಸಿಕ್ಕಿದರೂ ಅದೇ ಗತಿ. ಬಿಸಿಲು ಇಲ್ಲದಿದ್ದರೆ ವಿದ್ಯುತ್ತಿಲ್ಲ, ಭೂಮಿ ಕಾಣದಿದ್ದರೆ ಮಾತಿಲ್ಲ. ಹೆಣ್ಣು ಕೊಡುವ ಮನೆಯವರೂ ಇಷ್ಟು ವಿಚಾರಿಸಲಾರರು!

2019ರ ಸೆಪ್ಟೆಂಬರ್ 7ರಂದು ವಿಕ್ರಮ ನೌಕೆ ಕೊನೆಯ ಹಂತದಲ್ಲಿ ಹಿಡಿತ ತಪ್ಪಿ ನೆಲಕ್ಕಪ್ಪಳಿಸಿತು. ಆಗ ಇಳಿಯಲು ಗುರುತಿಸಿದ್ದುದು 500 ಮೀಟರ್ ಉದ್ದಗಲದ ಚೌಕ ಮಾತ್ರ. ಮುಂದಿನ ಸಲ ಅದನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಹಿಂದಿನ ಯಾನದ ಕಕ್ಷಾನೌಕೆ ಚಂದ್ರನನ್ನು ಸುತ್ತುತ್ತಲೇ ಇದ್ದು ತೆಗೆದ ಸೂಕ್ಷ್ಮ ಚಿತ್ರಗಳು ಈ ಆಯ್ಕೆಗೆ ಒದಗಿದವು. ಸೋತ ಯಾನವೆಂದು ಅದನ್ನು ಹಳಿದವರು ಇದನ್ನು ಮರೆಯಬಾರದು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ, ದಕ್ಷಿಣ ಅಕ್ಷಾಂಶ 69 ಡಿಗ್ರಿಯ ಬಳಿ, ಚಂದ್ರಯಾನ-3ರ ವಿಕ್ರಮ ಮೆಲ್ಲಗೆ ಕಾಲೂರಿತು.

ಆದರೆ ಕಾವಲೆಂಬುದು ಬರಿಯ ಬಯಲಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲು ಅದು. ಸುತ್ತಣ ಹಳ್ಳಿಗಳ ಕುರಿಗಳು ಮೇಯುತ್ತ ಬಂದುದೂ ಅಲ್ಲಿಯೇ. ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ನೆಲವನ್ನು ಹಲವು ಸಂಸ್ಥೆಗಳಿಗೆ ಹಂಚಲಾಯಿತು. ಗೋಡೆಗಳೆದ್ದವು. ಹಳ್ಳಿಯವರು ಪ್ರತಿಭಟಿಸಿದರು, ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯವರೆಗೂ ಹೋಯಿತು. ಚಂದ್ರನಲ್ಲಿ ಜಾಗ ಆರಿಸುವಾಗ ತೋರಿದ ಎಚ್ಚರವನ್ನು ಇಲ್ಲಿಯೂ ತೋರಬಹುದಿತ್ತೆಂದೇ ನನ್ನ ಎಣಿಕೆ. ಚಂದ್ರನ ಮೇಲಾದರೋ ಮೇಯುವ ಕುರಿಗಳಿಲ್ಲ.

ಪರೀಕ್ಷಾ ಕ್ಷೇತ್ರದೊಳಗೆ ಪ್ರವಾಸಿಗೆ ಪ್ರವೇಶವಿಲ್ಲ. ಚಳ್ಳಕೆರೆಯಲ್ಲಿ ಇಳಿದವರು ಅಲ್ಲಿಯ ಹೆಸರಾಂತ ಕರಿಯ ಕಂಬಳಿಯೊಂದನ್ನು ಕೊಳ್ಳಬಹುದು. ಕೊಳ್ಳುವಾಗ, ಅದರ ಉಣ್ಣೆಯ ಕುರಿಗಳು ಈಗ ಎಲ್ಲಿ ಮೇಯುತ್ತವೆಂದು ನೇಯ್ದವರನ್ನು ಕೇಳಿ ನೋಡಿ.